ಏಳು ದಿನದೊಳಗೆ ಉತ್ತರ ಬಾರದಿದ್ದರೆ

ಮಾರ್ಚ್ 3, ಸೋಮವಾರ

ದಿನಕ್ಕೊಂದು ಪುಟ ಬರೆಯಬೇಕಂತೆ. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಹೋಂವರ್ಕು. ಐದನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಈ ಕಾಟ ಮುಗಿಯಿತು ಅಂದುಕೊಂಡಿದ್ದೆ. ಇಷ್ಟು ವರ್ಷ ಎಲ್ಲೋ ಹೊಂಚು ಹಾಕಿ ಕೂತಿದ್ದು ಈಗ ಬಂದು ಕತ್ತು ಹಿಡಿದಿದೆ.

ಈ ನೋಟ್‌ಬುಕ್ಕು ಕೊಟ್ಟವಳು ಲೈಬ್ರರಿಯ ಕಂಪ್ಯೂಟರ್ ಕ್ಲಾಸಿನ ಟೀಚರಮ್ಮ. ವಾರಕ್ಕೆ ಮೂರು ಮಧ್ಯಾಹ್ನ, ವಯಸ್ಸಾದವರಿಗೆಂದೇ ಕ್ಲಾಸು.

"ಮೊದಲು ಕೈಯಲ್ಲಿ ಬರೀರಿ ಅಮ್ಮ. ನಾಲ್ಕು ವಾಕ್ಯ ಜೋಡಿಸೋದು ರೂಢಿ ಆದಮೇಲೆ ಟೈಪ್ ಮಾಡೋಣ."

"ಏನು ಬರೀಲಿ?"

"ಏನಾದರೂ. ನಾನು ಓದಲ್ಲ. ಪುಟ ತುಂಬಿದೆಯಾ ಅಂತ ಮಾತ್ರ ನೋಡ್ತೀನಿ."

ಓದದವಳು ಬರೆಸುವುದು ಯಾಕೆ ಎಂದು ಕೇಳಿದೆ. ನಕ್ಕಳು. ನಗುವವರ ಜೊತೆ ಜಗಳ ಹತ್ತುವುದಿಲ್ಲ. ಒಂದು ಅನುಕೂಲ ಇದೆ. ಓದುವುದಿಲ್ಲವಾದರೆ ಇಲ್ಲಿ ಯಾರನ್ನು ಬೇಕಾದರೂ ಬೈಯಬಹುದು.

ನಾನು ಈ ಕ್ಲಾಸಿಗೆ ಹೋಗುತ್ತಿರುವುದು ಒಂದು ಪಾಯಿಖಾನೆಗಾಗಿ. ನನ್ನ ಬೀಗ ರಿಪೇರಿ ಅಂಗಡಿ ಇರುವ ಮಾರುಕಟ್ಟೆಯ ಹಿಂಬದಿಯಲ್ಲಿ ಎರಡು ಪಾಯಿಖಾನೆ, ಎಡಕ್ಕೆ ಗಂಡಸರದು, ಬಲಕ್ಕೆ ಹೆಂಗಸರದು. ಜನವರಿ ಎಂಟನೇ ತಾರೀಕು ಹೆಂಗಸರ ಬಾಗಿಲಿಗೆ ಬೀಗ ಬಿತ್ತು. ಮೇಲೊಂದು ಚೀಟಿ: "ದುರಸ್ತಿ ನಿಮಿತ್ತ ಮುಚ್ಚಲಾಗಿದೆ. ದೂರುಗಳನ್ನು ಈಮೇಲ್ ಮೂಲಕ ಮಾತ್ರ ಸ್ವೀಕರಿಸಲಾಗುವುದು." ನಾಲ್ಕು ದಿನ ಒಳಗೆ ಸುತ್ತಿಗೆಯ ಸದ್ದು ಕೇಳಿಸಿತು. ಆಮೇಲೆ ಅದೂ ಇಲ್ಲ. ಎರಡು ತಿಂಗಳಾಯಿತು. ಗಂಡಸರ ಬಾಗಿಲು ತೆರೆದೇ ಇದೆ, ಮುಚ್ಚುವ ಅಭ್ಯಾಸ ಅವರಿಗೆ ಮೊದಲೂ ಇರಲಿಲ್ಲ.

ನಗರ ಕಚೇರಿಗೆ ಹೋಗಿ ಗುಮಾಸ್ತನಿಗೆ ಹೇಳಿದೆ. ಅವನು ಕತ್ತೆತ್ತದೆ, "ಈಮೇಲ್ ಮಾಡಿ," ಅಂದ.

"ನೀನು ಇಲ್ಲೇ ಕೂತಿದ್ದೀಯ, ನಾನು ಇಲ್ಲೇ ನಿಂತಿದ್ದೀನಿ. ಮಧ್ಯೆ ಇರೋದು ಒಂದು ಮೇಜು. ಇದಕ್ಕೆ ಈಮೇಲ್ ಯಾಕಪ್ಪ?"

"ಬಾಯಲ್ಲಿ ಹೇಳಿದ್ದಕ್ಕೆ ನಂಬರ್ ಬೀಳಲ್ಲ ಅಮ್ಮ."

ಪುಟ ತುಂಬಿತು, ಎರಡನೆಯದಕ್ಕೂ ಹೋಯಿತು. ನಾಳೆಯದನ್ನು ಇದರಲ್ಲಿ ವಜಾ ಮಾಡಿಕೊಳ್ಳಬೇಕು.

ಮಾರ್ಚ್ 4, ಮಂಗಳವಾರ

ವಜಾ ಮಾಡುವುದಿಲ್ಲವಂತೆ. ಮೂರು ಕೀಲಿಕೈಗೆ ಅರ ಹಾಕಿದೆ. ಒಂದು ಸೂಟ್‌ಕೇಸು ತೆಗೆದೆ. ಅಕ್ಷರ ದೊಡ್ಡದು ಮಾಡಿದರೆ ಪುಟ ಬೇಗ ತುಂಬುತ್ತದೆ.

ಮಾರ್ಚ್ 6, ಗುರುವಾರ

ತಂಗಿ ಇವತ್ತೂ ಅದೇ ರಾಗ ತೆಗೆದಳು. ಅವಳದು ಗುಂಡಿ, ಲೇಸು, ದಾರದ ಅಂಗಡಿ, ನನ್ನ ಬೀಗದ ಅಂಗಡಿಯಿಂದ ನಾಲ್ಕನೆಯದು. ಮನೆಯೂ ಒಂದೇ, ಎರಡು ಕೋಣೆ. ಹಾಗಾಗಿ ಅವಳ ಬಾಯಿಂದ ನನಗೆ ಬಿಡುಗಡೆ ಇಲ್ಲ.

"ಅಕ್ಕ, ಊರಿನ ಬೀಗವೆಲ್ಲ ತೆಗೀತೀಯ. ನಮ್ಮದೊಂದು ತೆಗೆಯೋಕೆ ಏನು ಧಾಡಿ?"

"ಅದು ನಮ್ಮದಲ್ಲ."

"ಒಳಗೆ ಹೋಗೋರು ನಾವು ತಾನೆ?"

ಏಳು ಲಿವರಿನ ಹಿತ್ತಾಳೆ ಬೀಗ ಅದು, ಹಳೆಯ ಮಾದರಿ. ಇಪ್ಪತ್ತು ಎಣಿಸುವುದರೊಳಗೆ ಕೊಂಡಿ ಬಾಯಿ ಬಿಡುತ್ತದೆ. ದಿನಾ ಅದರ ಮುಂದೆ ಹಾಯುವಾಗ ಬೆರಳು ತುರಿಸುತ್ತದೆ. ಆದರೆ ಬೀಗದ ಯಜಮಾನನ ಮಾತಿಲ್ಲದೆ ನಾನು ಅದನ್ನು ಮುಟ್ಟುವವಳಲ್ಲ.

ನನಗೆ ಹದಿನಾರು ವರ್ಷವಿದ್ದಾಗ, ಅಪ್ಪ ಅಂಗಡಿಯಲ್ಲಿ ಇಲ್ಲದ ಹೊತ್ತಿನಲ್ಲಿ ಒಬ್ಬ ಬಂದ. ಅಣ್ಣನ ಮನೆ ಬೀರು, ಕೀಲಿಕೈ ಕಳೆದಿದೆ, ಬಾರಮ್ಮ ಅಂದ. ಹೋದೆ, ತೆಗೆದೆ, ಭೇಷ್ ಅನ್ನಿಸಿಕೊಂಡು ಬಂದೆ. ಮರುದಿನ ಆ ಅಣ್ಣ ಅಂಗಡಿಗೆ ಬಂದ. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಕೈಯನ್ನೇ ನೋಡಿದ. ಬೀರುವಿನಲ್ಲಿದ್ದ ಮನೆಪತ್ರ ತಮ್ಮನ ಪಾಲಾಗಿತ್ತು. ಅಪ್ಪ ಮೂರು ದಿನ ಅಂಗಡಿ ತೆರೆಯಲಿಲ್ಲ. ನಾಲ್ಕನೇ ದಿನ ಒಂದು ದಪ್ಪ ಪುಸ್ತಕ ತಂದಿಟ್ಟ. ಅಂದಿನಿಂದ ಬೀಗ ತೆಗೆಸುವವರು ಯಾರೇ ಆಗಲಿ, ಮೊದಲು ಆ ಪುಸ್ತಕದಲ್ಲಿ ಹೆಸರು, ವಿಳಾಸ, ರುಜು. ರುಜು ಬಾರದವರಿಗೆ ಹೆಬ್ಬೆಟ್ಟು. ಈಗಿರುವುದು ಒಂಬತ್ತನೇ ಪುಸ್ತಕ. ತೆಗೆಯುವ ಕೈಚಳಕ ಕಳ್ಳನಿಗೂ ಇರುತ್ತದೆ. ಕೇಳಿ ತೆಗೆಯುವುದು ಮಾತ್ರ ಕಸುಬು.

ತಂಗಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಕೇಳುತ್ತಾಳೆ. ಬೆನ್ನು ನೋವಂತೆ. ಅದಕ್ಕೂ ಬೀಗಕ್ಕೂ ಏನು ಸಂಬಂಧ ಅಂದೆ.

ಮಾರ್ಚ್ 8, ಶನಿವಾರ

ಈಮೇಲ್ ಹೋಯಿತು. ಸುಸ್ತಾಗಿದೆ.

ಬೆಳಗ್ಗೆ ಜೆರಾಕ್ಸ್ ಅಂಗಡಿಗೆ ಹೋಗಿ ನನಗೊಂದು ಈಮೇಲ್ ವಿಳಾಸ ಮಾಡಿಕೊಡು ಅಂದೆ. ಅಂಗಡಿಯವನನ್ನು ನಾವೆಲ್ಲ ಕರೆಯುವುದೂ ಜೆರಾಕ್ಸ್ ಅಂತಲೇ.

"ಹೊಸದು ಯಾಕೆ ದೊಡ್ಡಮ್ಮ? ಮಾರ್ಕೆಟ್ಟಿಗೆಲ್ಲ ಒಂದಿದೆಯಲ್ಲ. ಇಪ್ಪತ್ತೆರಡು ಅಂಗಡಿಗೂ ಅದೇ. ಗ್ಯಾಸು, ಕರೆಂಟು, ಕೊರಿಯರು, ಎಲ್ಲ ಅದಕ್ಕೇ ಬರುತ್ತೆ. ಬಂದೋರು ನೋಡ್ಕೊಂಡು ಹೋಗ್ತಾರೆ."

"ಪಾಸ್‌ವರ್ಡು?"

ತಲೆಯೆತ್ತಿ ಗೋಡೆ ತೋರಿಸಿದ. ಯಂತ್ರದ ಮೇಲುಗಡೆ ಸೀಮೆಸುಣ್ಣದಲ್ಲಿ, ಒಂದೊಂದು ಅಕ್ಷರ ಗೇಣುದ್ದ.

"ಬಾಗಿಲಿಗೆ ಬೀಗ ಹಾಕಿ ಕೀಲಿಕೈನ ಅದೇ ಚಿಲಕಕ್ಕೆ ನೇತು ಹಾಕಿದ ಹಾಗಾಯ್ತಲ್ಲೋ."

"ಕಳ್ಳ ಬಂದು ಏನು ಕದೀತಾನೆ? ಕರೆಂಟ್ ಬಿಲ್ಲಾ? ತಗೊಂಡು ಹೋಗ್ಲಿ, ಪುಣ್ಯ ಬರುತ್ತೆ."

ಮಧ್ಯಾಹ್ನ ಲೈಬ್ರರಿಯಲ್ಲಿ ಆ ವಿಳಾಸದಿಂದಲೇ ಬರೆದೆ. ನಾನು ಬರೆದುಕೊಂಡು ಹೋದದ್ದರಲ್ಲಿ ಒಂಬತ್ತು ಬೈಗುಳ ಇದ್ದವು. ಟೀಚರಮ್ಮ ಎಂಟು ತೆಗೆಸಿದಳು. "ಒಂದು ಇಟ್ಕೊಳ್ಳಿ ಅಮ್ಮ, ಯಾವುದು ಬೇಕೋ ನೀವೇ ಆರಿಸಿ." "ನಿಮ್ಮ ಮನೆಯ ಹೆಂಗಸರನ್ನು ಒಂದು ದಿನ ಇಲ್ಲಿಗೆ ಕಳಿಸಿ ನೋಡಿ" ಅನ್ನುವುದನ್ನು ಇಟ್ಟುಕೊಂಡೆ. ವಿಷಯ ಅನ್ನುವ ಖಾನೆಯಲ್ಲಿ "ಪಾಯಿಖಾನೆ" ಎಂದು ಹಾಕಿದೆ. ಐದು ಸಾಲಿಗೆ ಮುಕ್ಕಾಲು ಗಂಟೆ. ಒಂದೊಂದು ಅಕ್ಷರವೂ ಜಾತ್ರೆಯಲ್ಲಿ ಕಳೆದ ಮಗುವಿನ ಹಾಗೆ, ಹುಡುಕಿ ಹುಡುಕಿ ಸಾಕಾಯಿತು.

ಕಳಿಸಿ ಮುಗಿಸುವುದರೊಳಗೆ ಉತ್ತರ. ಕನ್ನಡಕ ಒರೆಸಿ ಓದಿದೆ. ಏನೆಂದರೆ, "ನಿಮ್ಮ ದೂರು ಸ್ವೀಕೃತವಾಗಿದೆ. ಇದು ಯಂತ್ರ ಕಳುಹಿಸಿದ ಸಂದೇಶ. ಇದಕ್ಕೆ ಉತ್ತರಿಸಬೇಡಿ."

ಉತ್ತರ ಕೊಡಬೇಡಿ ಎಂದು ಹೇಳುವುದಕ್ಕಾಗಿಯೇ ಕಾಗದ ಬರೆದವರನ್ನು ಇದೇ ಮೊದಲು ಕಂಡದ್ದು.

"ನಿಜವಾದ ಉತ್ತರ ಆಮೇಲೆ ಬರುತ್ತೆ. ದಪ್ಪ ಅಕ್ಷರದಲ್ಲಿ ಇದ್ದರೆ ಹೊಸದು ಅಂತ ಅರ್ಥ," ಅಂದಳು ಟೀಚರಮ್ಮ. ದಪ್ಪ ಅಕ್ಷರ ಹೊಸದು. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಮಾರ್ಚ್ 10, ಸೋಮವಾರ

ಈಮೇಲ್ ಅಂದರೆ ಏನು ಅರ್ಥ ಎಂದು ಕ್ಲಾಸಿನಲ್ಲಿ ಕೇಳಿದೆ. ಅಷ್ಟು ಜನ ದಿನಾ ಹೇಳುತ್ತಾರೆ, ಯಾರೂ ಕೇಳಿಲ್ಲ. ಮೇಲ್ ಅಂದರೆ ಅಂಚೆ, ಈ ಅಂದರೆ ವಿದ್ಯುತ್ತಿನದು. ಕನ್ನಡದಲ್ಲಿ ಮಿಂಚಂಚೆ ಅನ್ನುವವರೂ ಇದ್ದಾರೆ ಅಂದಳು ಟೀಚರಮ್ಮ. ಹೆಸರು ಚೆನ್ನಾಗಿದೆ. ಆದರೆ ಮಿಂಚಿದ ಮೇಲೆ ಗುಡುಗಬೇಕಲ್ಲ. ಎರಡು ದಿನವಾಯಿತು, ಕಚೇರಿಯವರು ಕೆಮ್ಮಿಲ್ಲ ಕೂಡ.

ಅದು ಪುಸ್ತಕದ ಅರ್ಥ. ನಮ್ಮ ಮಾರುಕಟ್ಟೆಯಲ್ಲಿ ಅರ್ಥ ಬೇರೆ. ಗುಮಾಸ್ತ "ಈಮೇಲ್ ಮಾಡಿ" ಅಂದರೆ "ಎದ್ದು ಹೋಗಿ" ಎಂದು ಅರ್ಥ. ಕರೆಂಟಿನವರು ಅಂದರೆ "ನಾಳೆಯೂ ಬರಲ್ಲ" ಎಂದು. ತಂಗಿಯಂತೂ ಗುಂಡಿಗೆ ಚೌಕಾಸಿ ಮಾಡುವವರಿಗೆಲ್ಲ "ಈಮೇಲ್ ಮಾಡಿ, ಯೋಚನೆ ಮಾಡ್ತೀನಿ" ಅನ್ನುತ್ತಾಳೆ. ಇವತ್ತು ರಾತ್ರಿ ಊಟಕ್ಕೆ ಏನೇ ಎಂದು ಕೇಳಿದ್ದಕ್ಕೆ ನನಗೂ ಅದನ್ನೇ ಅಂದಳು. ಲಟ್ಟಣಿಗೆ ಎತ್ತಿದೆ.

ಮಾರ್ಚ್ 13, ಗುರುವಾರ

ದಿನಾ ಜೆರಾಕ್ಸ್ ಅಂಗಡಿಗೆ ಎರಡು ಸಲ ಹೋಗಿ ನೋಡುತ್ತೇನೆ. ದಪ್ಪ ಅಕ್ಷರದಲ್ಲಿ ಇರುವುದು ಗ್ಯಾಸು, ಸಾಲ ಬೇಕೇ, ಕೂದಲು ಉದುರುತ್ತಿದೆಯೇ. ನಮ್ಮದಿಲ್ಲ.

ಕಾಯುತ್ತಿದ್ದೇನೆ ಅಂತಲ್ಲ. ದಾರಿಯಲ್ಲಿ ಸಿಗುತ್ತದೆ, ನೋಡುತ್ತೇನೆ.

ಮಾರ್ಚ್ 17, ಸೋಮವಾರ

ದಪ್ಪ ಅಕ್ಷರ ಇಲ್ಲ.

ತಂಗಿಯ ನೀರಿನ ಬಾಟಲಿ ನೋಡಿದೆ. ಬೆಳಗ್ಗೆ ಮನೆಯಿಂದ ತುಂಬಿಸಿ ತಂದದ್ದು ಸಂಜೆಗೂ ಕುತ್ತಿಗೆಯವರೆಗೆ ಹಾಗೇ ಇತ್ತು. ಯಾಕೆ ಕುಡಿದಿಲ್ಲ ಅಂದೆ. "ಕುಡಿದು?" ಅಂದಳು. ಅಷ್ಟೇ.

ಪಾಯಿಖಾನೆ ಅಂದರೆ ಈಗ ರೈಲ್ವೆ ಸ್ಟೇಷನ್ನಿಗೆ ಹೋಗಬೇಕು, ಹೋಗಿ ಬರಲು ಅರ್ಧ ಗಂಟೆ. ತರಕಾರಿಯವಳು ಹೋಗುವಾಗ ತಂಗಿ ಅವಳ ಬುಟ್ಟಿ ನೋಡಿಕೊಳ್ಳುತ್ತಾಳೆ. ತಂಗಿ ಹೋಗುವಾಗ ನೋಡಿಕೊಳ್ಳಲು ಯಾರೂ ಇರುವುದಿಲ್ಲ, ಏಕೆಂದರೆ ನಾನು ಅಂಗಡಿ ಬಿಟ್ಟು ಕಂಪ್ಯೂಟರ್ ಕ್ಲಾಸಿಗೆ ಹೋಗಿರುತ್ತೇನೆ. ಅವಳು ಇದನ್ನು ಹೇಳಲಿಲ್ಲ. ನಾನೇ ಲೆಕ್ಕ ಹಾಕಿದ್ದು.

ಮಾರ್ಚ್ 18, ಮಂಗಳವಾರ

ತಂಗಿಗೆ ಚಳಿಜ್ವರ. ಅಂಗಡಿಯಲ್ಲೇ ಗುಂಡಿಯ ಡಬ್ಬಿಗಳ ಮೇಲೆ ತಲೆ ಇಟ್ಟಳು. ಆಸ್ಪತ್ರೆ.

ಮಾರ್ಚ್ 19, ಬುಧವಾರ

ಮೂತ್ರಪಿಂಡಕ್ಕೆ ಸೋಂಕು ಏರಿದೆಯಂತೆ. ಡಾಕ್ಟರು ನನ್ನನ್ನು ಹೊರಗೆ ಕರೆದು ಕೇಳಿದರು: "ಇವರು ದಿನವಿಡೀ ನೀರು ಕುಡಿಯದೆ, ತಡೆದುಕೊಂಡು ಕೂರ್ತಾರಾ?" ನಾನು ಹೌದು ಅಂದೆ. "ಯಾಕೆ?" ಅಂದರು.

ಬೀಗ ಹಾಕಿದೆ ಅಂದೆ. ನಾನು ಬೀಗದವಳು ಅಂತ ಹೇಳಲಿಲ್ಲ.

ಮಾರ್ಚ್ 20, ಗುರುವಾರ

ಜ್ವರ ಇಳಿದಿದೆ. ಪಕ್ಕದ ಮಂಚದವಳ ಜೊತೆ ಜಗಳ ಶುರು ಮಾಡಿದ್ದಾಳೆ, ಅಂದರೆ ಉಳಿದಳು. ಇವತ್ತು ಐದು ಲೋಟ ನೀರು ಕುಡಿದಳು. ಡಾಕ್ಟರು ಎಂಟು ಅಂದಿದ್ದಾರೆ. ಇನ್ನು ಮೇಲೆ ಜೀವನಪೂರ್ತಿ, ದಿನಕ್ಕೆ ಎಂಟು.

ಕ್ಲಾಸಿಗೆ ಹೋಗಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನು ಬರೆದೆ. ಬೇರೆ ಕೆಲಸ ಇರಲಿಲ್ಲ, ಅದಕ್ಕೆ.

ಮಾರ್ಚ್ 21, ಶುಕ್ರವಾರ

ಇವತ್ತು ಅಕ್ಷರ ದೊಡ್ಡದಾಗಿದೆ. ಪುಟ ತುಂಬಿಸಲಿಕ್ಕಲ್ಲ.

ಬೆಳಗ್ಗೆ ಕಚೇರಿಗೆ ಹೋದೆ. ಈಮೇಲ್ ಮಾಡಿ ಹದಿಮೂರು ದಿನ ಆಯಿತು, ಉತ್ತರ ಎಲ್ಲಿ ಎಂದು ಮೇಜು ಗುದ್ದಿ ಕೇಳಿದೆ. ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿ, "ಹನ್ನೊಂದನೇ ತಾರೀಕೇ ಕೊಟ್ಟಿದ್ದೀವಲ್ಲ ಅಮ್ಮ. ನಿಮ್ಮಿಂದಲೇ ಏನೂ ಬರಲಿಲ್ಲ. ದೂರು ಮುಗಿಸಿದ್ದಾಯ್ತು," ಅಂದ.

"ಸುಳ್ಳು ಹೇಳಬೇಡ."

ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಇತ್ತು. ಒಂದು ಪ್ರತಿ ತೆಗೆಸಿಕೊಂಡು ಬಂದಿದ್ದೇನೆ, ಹಾಗೆಯೇ ಇಳಿಸುತ್ತೇನೆ:

"ಸದರಿ ಶೌಚಾಲಯದ ದುರಸ್ತಿ ಪೂರ್ಣಗೊಂಡಿದೆ. ಬೀಗದ ಕೀಲಿಕೈ ಗುತ್ತಿಗೆದಾರರ ಬಳಿ ಇದ್ದು, ಅವರು ಸಂಪರ್ಕಕ್ಕೆ ಸಿಗುತ್ತಿಲ್ಲ. ಬಳಸುವವರು ಎಷ್ಟು ಜನ, ಶೌಚಾಲಯ ಇನ್ನೂ ಅಗತ್ಯವಿದೆಯೇ ಎಂಬುದನ್ನು ಏಳು ದಿನದೊಳಗೆ ತಿಳಿಸಿದಲ್ಲಿ ಬೀಗ ತೆಗೆಸುವ ಬಗ್ಗೆ ಪರಿಶೀಲಿಸಲಾಗುವುದು. ಏಳು ದಿನದೊಳಗೆ ಉತ್ತರ ಬಾರದಿದ್ದರೆ ಮುಚ್ಚಿರುವುದಕ್ಕೆ ನಿಮ್ಮ ಒಪ್ಪಿಗೆ ಇದೆ ಎಂದು ಭಾವಿಸಿ ದೂರನ್ನು ಮುಕ್ತಾಯಗೊಳಿಸಲಾಗುವುದು."

ಕೆಲಸ ಮುಗಿದು ಎರಡು ತಿಂಗಳಾಗಿದೆ. ಇವರಿಗೆ ಕೀಲಿಕೈ ಇಲ್ಲ. ಅದನ್ನು ಬರೆದಿರುವುದು ಬೀಗ ರಿಪೇರಿಯವಳಿಗೆ.

ಚೀಲದಿಂದ ರುಜು ಪುಸ್ತಕ ತೆಗೆದು ಅವನ ಮುಂದಿಟ್ಟೆ. "ಬೀಗದವಳು ನಾನೇ. ಇಲ್ಲಿ ಒಂದು ರುಜು ಹಾಕು. ಊಟದ ಹೊತ್ತಿಗೆ ಬಾಗಿಲು ತೆಗೆದಿರುತ್ತೆ."

ಅವನು ಕಾದ ಕಬ್ಬಿಣ ಕಂಡವನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡ. "ನಾನು ಹಾಕೋ ಹಾಗಿಲ್ಲ ಅಮ್ಮ. ಮುಗಿದ ದೂರು ಅದು. ಹೊಸದಾಗಿ ಈಮೇಲ್ ಮಾಡಿ."

ಅಲ್ಲಿಂದ ನೇರ ಜೆರಾಕ್ಸ್ ಅಂಗಡಿ. ಕೆಳಗೆ ಕೆಳಗೆ ಇಳಿಸಿ ನೋಡಿದೆವು. ಹನ್ನೊಂದನೇ ತಾರೀಕಿನಲ್ಲಿ ಕೂತಿತ್ತು, ತೆಳು ಅಕ್ಷರದಲ್ಲಿ. ಯಾರಾದರೂ ಒಮ್ಮೆ ತೆರೆದರೆ ಅಕ್ಷರ ತೆಳುವಾಗುತ್ತದಂತೆ. ಇಪ್ಪತ್ತೆರಡು ಅಂಗಡಿಗೆ ಒಂದು ಡಬ್ಬಿ, ಯಾರು ತೆರೆದರೋ.

ಗಡಿಯಾರ ರಿಪೇರಿಯವನು ತಾನಾಗೇ ಬಂದು ಒಪ್ಪಿಕೊಂಡ. ಮುಳ್ಳು, ಬ್ಯಾಟರಿಯ ಪಾರ್ಸೆಲ್ಲು ಬಂತೇ ಎಂದು ನೋಡುತ್ತಿದ್ದನಂತೆ.

"ಮೇಲೆ 'ಪಾಯಿಖಾನೆ' ಅಂತಿತ್ತು ಅಕ್ಕ. ನನ್ನದಲ್ಲ ಅಂತ ಹಾಗೇ ಮುಚ್ಚಿದೆ."

"ಮುಚ್ಚಿದವನು ನನಗೆ ಒಂದು ಮಾತು ಹೇಳಬಾರದಿತ್ತಾ?"

"ಇನ್ನೊಬ್ಬರ ಕಾಗದ ಓದಿದೆ ಅಂತ ಹೇಗೆ ಹೇಳಲಿ? ತಪ್ಪಲ್ವಾ ಅದು?"

ಮಾನವಂತ. ಅವನನ್ನು ಬೈಯುವ ಹಾಗಿರಲಿಲ್ಲ. ಏಕೆಂದರೆ ಉತ್ತರ ನನ್ನ ಕಣ್ಣೆದುರಿಗೇ ಇತ್ತು. ದಿನಕ್ಕೆ ಎರಡು ಸಲ ಅದರ ಮೇಲೆ ಹಾಯ್ದು ಹೋದವಳು ನಾನು. ದಪ್ಪಗಿಲ್ಲ, ಆದ್ದರಿಂದ ಇಲ್ಲ. ಕೀಲಿಕೈ ತೆಳುವಾಗಿದೆ ಎಂದು ಬೀಗ ತೆಗೆಯುವುದಿಲ್ಲವೇ? ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಒಂದು ವಾರ ಆಡಿಕೊಳ್ಳುತ್ತಿದ್ದೆ.

ದೂರು ಮುಗಿಸಿದ್ದು ಹದಿನೆಂಟನೇ ತಾರೀಕು. ತಂಗಿ ಡಬ್ಬಿಗಳ ಮೇಲೆ ತಲೆ ಇಟ್ಟದ್ದೂ ಹದಿನೆಂಟು.

ಮಾರ್ಚ್ 22, ಶನಿವಾರ

ಮಧ್ಯಾಹ್ನ ಹನ್ನೆರಡಕ್ಕೆ ಸಲಕರಣೆ ಚೀಲ ಹಿಡಿದು ಹಿಂಬದಿಗೆ ಹೋದೆ. ಯಾರಿಗೂ ಹೇಳಿರಲಿಲ್ಲ. ಆದರೂ ತರಕಾರಿಯವಳು ಬಂದಳು, ಅವಳ ಹಿಂದೆ ಪಾತ್ರೆಯವಳು, ಚಪ್ಪಲಿಯವಳು, ಹೀಗೆ ಏಳೆಂಟು ಜನ. ಗಂಡಸರ ಕಡೆಯಿಂದ ಒಬ್ಬ ಹೊರಗೆ ಬಂದು, ಇಷ್ಟು ಹೆಂಗಸರನ್ನು ನೋಡಿ, ಮತ್ತೆ ಒಳಗೆ ಹೋದ.

ಬೀಗವನ್ನು ಅಂಗೈಯಲ್ಲಿ ಎತ್ತಿದೆ. ಎರಡು ತಿಂಗಳ ದೂಳು. ತಂತಿ ಕೊಕ್ಕೆ ಒಳಗೆ ಬಿಟ್ಟರೆ ಲಿವರುಗಳು ಒಂದೊಂದಾಗಿ ಮಾತಾಡುತ್ತವೆ. ಕೊಕ್ಕೆ ಬೆರಳಲ್ಲಿತ್ತು. ಆ ಅಣ್ಣ ಸ್ಟೂಲಿನ ಮೇಲೆ ಕೂತು ನೋಡಿದ ಕೈಯೂ ಇದೇ.

ತೂತಿಗೆ ನಾಲ್ಕು ಹನಿ ಎಣ್ಣೆ ಬಿಟ್ಟೆ. ಒರೆಸಿದೆ. ಅಷ್ಟು ಮಾಡಿ ಚೀಲ ಕಟ್ಟಿದೆ.

"ಇಷ್ಟೇನಾ?" ಅಂದಳು ತರಕಾರಿಯವಳು.

"ಇವತ್ತಿಗೆ ಇಷ್ಟೇ."

"ನಿನ್ನ ಸತ್ಯಹರಿಶ್ಚಂದ್ರಗಿರಿ ನಮ್ಮ ಹೊಟ್ಟೆ ಕೆಳಗೆ ಕೂತಿದೆ ಕಣಕ್ಕ."

ಅವಳು ಹೇಳಿದ್ದು ಸರಿ. ಅದಕ್ಕೇ ಸಿಟ್ಟು ಬಂತು. ಅವರ ಹತ್ತಿರ ಒಂದೇ ಮಾತು ಕೇಳಿದೆ: ಜನವರಿಯಿಂದ ಯಾರಿಗೆ ಏನೇನಾಗಿದೆ ಹೇಳಿ, ಬರೆದುಕೊಳ್ಳುತ್ತೇನೆ. ಮೊದಲು ನಾಚಿದರು. ಚಪ್ಪಲಿಯವಳು ಶುರು ಮಾಡಿದಳು. ಆಮೇಲೆ ನಿಲ್ಲಿಸುವುದು ಕಷ್ಟವಾಯಿತು. ಸಂಜೆಯವರೆಗೆ ಬರೆದೆ. ಆರು ಪುಟ. ಪುಟ ಎಣಿಸಿದ್ದು ಈಗ.

ಮಾರ್ಚ್ 23, ಭಾನುವಾರ

ತಂಗಿ ಮನೆಗೆ ಬಂದಳು. ಗೋಡೆಗೆ ದಿಂಬು ಒರಗಿಸಿ ಕೂರಿಸಿದೆ. ಲೋಟ ಪಕ್ಕಕ್ಕಿಟ್ಟೆ.

"ಅಕ್ಕ, ಎಂಟು ಲೋಟ ಕುಡಿದು ಅಂಗಡಿಯಲ್ಲಿ ಕೂರೋಕಾಗಲ್ಲ. ಅಂಗಡಿ ಬಿಟ್ಟುಬಿಡ್ತೀನಿ."

ಇಪ್ಪತ್ತಾರು ವರ್ಷದ ಅಂಗಡಿ. ಒಂದು ಗುಂಡಿ ತೋರಿಸಿದರೆ ಅದರ ಜೋಡಿ ಯಾವ ಡಬ್ಬಿಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವಳು. ಮಾರುಕಟ್ಟೆಯಲ್ಲಿ ಒಂದು ತಿಂಗಳು ಬಾಗಿಲು ಹಾಕಿದ ಅಂಗಡಿ ಬೇರೆಯವರ ಪಾಲು.

"ಬಿಡು ಅಂತ ನಾನು ಅಂದೆನಾ?"

"ನೀನು ಅನ್ನಲ್ಲ. ಒಂದು ಬೀಗಕ್ಕೋಸ್ಕರ ನೀನೇನು ಜೈಲಿಗೆ ಹೋಗ್ತೀಯಾ? ಮೊದಲು ನಾನೇ ತೆಗಿ ತೆಗಿ ಅಂತಿದ್ದೆ. ಈಗ ಬೇಡ ಕಣೆ. ಅಪ್ಪನ ಪುಸ್ತಕ ನನಗೋಸ್ಕರ ಕೆಡಿಸಬೇಡ."

"ಕುಡಿ. ನಾಲ್ಕನೇ ಲೋಟ."

"ಐದನೇದು."

"ನಾಲ್ಕು. ನಾನು ಬರೆದಿಟ್ಟಿದ್ದೀನಿ."

ಅವಳು ಕುಡಿದಳು. ನಾನು ಕಚೇರಿಯವರ ಆ ಕಾಗದವನ್ನು ಮತ್ತೆ ಓದಿದೆ. ಗಟ್ಟಿಯಾಗಿ, ಅವಳಿಗೂ ಕೇಳುವ ಹಾಗೆ. ಕೊನೆಯ ಸಾಲಿಗೆ ಬಂದಾಗ ನಿಲ್ಲಿಸಿದೆ. ಇನ್ನೊಮ್ಮೆ ಓದಿದೆ. ಏಳು ದಿನದೊಳಗೆ ಉತ್ತರ ಬಾರದಿದ್ದರೆ.

"ಏನಾಯ್ತು?" ಅಂದಳು.

"ಏನಿಲ್ಲ. ಇವರು ಬೀಗ ಕೊಟ್ಟು ಕೀಲಿಕೈನೂ ಜೊತೆಗೇ ಕಳಿಸಿದ್ದಾರೆ."

ಮಾರ್ಚ್ 24, ಸೋಮವಾರ

ಬೆಳಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಸ್ವಂತದ ವಿಳಾಸ ಮಾಡಿಸಿದೆ. ಪಾಸ್‌ವರ್ಡು ಹಾಕುವಾಗ ಅವನನ್ನು ಹೊರಗೆ ನಿಲ್ಲಿಸಿದೆ. ಇಲ್ಲಿಯೂ ಬರೆಯುವುದಿಲ್ಲ. ಏಳು ಲಿವರಿನದಕ್ಕಿಂತ ಗಟ್ಟಿ, ಅಷ್ಟು ಸಾಕು. ಮಾರ್ಕೆಟ್ಟಿನ ವಿಳಾಸದ್ದನ್ನೂ ಗೋಡೆಯಿಂದ ಒರೆಸಿಸಿದೆ. ಈಗ ಬಂದವರಿಗೆಲ್ಲ ಜೆರಾಕ್ಸ್ ಕಿವಿಯಲ್ಲಿ ಹೇಳುತ್ತಾನೆ, ಬೀದಿಯ ಆಚೆ ಕೇಳಿಸುತ್ತದೆ.

ಅಲ್ಲಿ ನಿಂತಿದ್ದಾಗಲೇ ಚಪ್ಪಲಿಯವಳ ಅಂಗಡಿಯ ಮುಂದೆ ಯಾರೋ ಗಾಡಿ ಅಡ್ಡ ನಿಲ್ಲಿಸಿದ. ಅವಳು ಅವನಿಗೆ ಹೇಳಿದ್ದು ಕೇಳಿಸಿತು: "ತೆಗೀತೀಯೋ, ಬೀಗದಕ್ಕನ ಹತ್ತಿರ ಈಮೇಲ್ ಮಾಡಿಸಲೋ?" ತೆಗೆದ. ಇದೇನು ಹೊಸ ಮಾತೋ.

ಟೀಚರಮ್ಮ ನೋಟ್‌ಬುಕ್ಕು ತಿರುವಿ, "ಅಮ್ಮ, ಪುಟ ಮುಗೀತಾ ಬಂತು. ಇನ್ನು ಬರೀಬೇಕಾಗಿಲ್ಲ, ನಿಮಗೆ ಕೈ ಕೂತಿದೆ," ಅಂದಳು. ಬರುವಾಗ ಇನ್ನೊಂದು ನೋಟ್‌ಬುಕ್ಕು ತಂದೆ, ನೂರು ಪುಟದ್ದು. ಅಂಗಡಿಗೆ ಬೇಕಾಗುತ್ತದೆ.

ಈಮೇಲನ್ನು ಲೈಬ್ರರಿಯಲ್ಲಿ ನಾನೇ ಕೂತು ಹೊಡೆದೆ. ಎಷ್ಟು ಹೊತ್ತಾಯಿತೋ ನೋಡಲಿಲ್ಲ. ಟೀಚರಮ್ಮ ಓದಲೇ ಎಂದು ಕೇಳಿದಳು. ಓದು ಅಂದೆ. ಓದಿ, ಈ ಸಲ ಏನೂ ತೆಗೆಸಲಿಲ್ಲ. ಬೈಗುಳ ಒಂದೂ ಇಲ್ಲವಲ್ಲ ಅಂದಳು. ಹೌದಾ ಅಂದೆ. ಕಳಿಸಿದ್ದರ ನಕಲು ಇದು. ಇನ್ನೊಂದು ಪ್ರತಿ ರುಜು ಪುಸ್ತಕದಲ್ಲಿ, ಯಜಮಾನನ ರುಜು ಬೀಳಬೇಕಾದ ಜಾಗದ ಪಕ್ಕಕ್ಕೆ ಅಂಟಿಸಿದ್ದೇನೆ.

ವಿಷಯ: ನಿಮ್ಮ ಬೀಗ

ನಗರ ಕಚೇರಿಯವರಿಗೆ,

ಮಾರುಕಟ್ಟೆಯ ಬೀಗ ರಿಪೇರಿಯವಳು ಬರೆಯುವುದು. ಹನ್ನೊಂದನೇ ತಾರೀಕು ನೀವು ಕೇಳಿದ್ದೀರಿ, ಬಳಸುವವರು ಎಷ್ಟು ಜನ, ಅಗತ್ಯವಿದೆಯೇ ಎಂದು. ಉತ್ತರ ತಡವಾಯಿತು, ತಪ್ಪು ನನ್ನದು. ನಿಮ್ಮ ಕಾಗದ ಬಂದದ್ದು ನನಗೆ ತಿಳಿಯಲಿಲ್ಲ. ಈಗ ಹೇಳುತ್ತೇನೆ.

ಅಂಗಡಿ ಇಟ್ಟ ಹೆಂಗಸರು ನಾವು ಹದಿನೇಳು ಜನ. ಸಾಮಾನು ಕೊಳ್ಳಲು ಬರುವವರನ್ನು ಎಣಿಸಿಲ್ಲ. ಹದಿನೇಳರಲ್ಲಿ ಹದಿನಾಲ್ಕು ಜನ ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಆರು ಜನಕ್ಕೆ ಉರಿಮೂತ್ರ ಆಗಿದೆ. ಏಳು ತಿಂಗಳ ಬಸುರಿ ಒಬ್ಬಳು ದಿನಕ್ಕೆ ಮೂರು ಸಲ ರೈಲ್ವೆ ಸ್ಟೇಷನ್ನಿಗೆ ನಡೆಯುತ್ತಾಳೆ. ಒಬ್ಬಳು ಆಸ್ಪತ್ರೆ ಸೇರಿದಳು, ಅವಳು ನನ್ನ ತಂಗಿ. ಯಾರ ಹೆಸರೂ ಹಾಕಿಲ್ಲ. ಬೇಕಿದ್ದರೆ ಬಂದು ಕೇಳಿ, ಎಲ್ಲರೂ ಹೇಳುತ್ತಾರೆ.

ಅಗತ್ಯವಿದೆ.

ಕೀಲಿಕೈ ನಿಮ್ಮ ಹತ್ತಿರ ಇಲ್ಲ ಎಂದು ನೀವೇ ಬರೆದಿದ್ದೀರಿ. ನನಗೆ ಅದು ಬೇಕಿಲ್ಲ. ಬೀಗ ಒಡೆಯುವುದಿಲ್ಲ, ತೆಗೆಯುತ್ತೇನೆ. ಅದಕ್ಕೆ ಹೊಸ ಕೀಲಿಕೈ ಮೂರು ಮಾಡುತ್ತೇನೆ. ಒಂದು ನಿಮ್ಮ ಗುಮಾಸ್ತನ ಮೇಜಿಗೆ. ಒಂದು ನನ್ನ ಹತ್ತಿರ. ಒಂದು ಗುಂಡಿ ಅಂಗಡಿಯ ಮೊಳೆಗೆ, ಹೆಂಗಸರು ಕೇಳಿದಾಗ ಅಲ್ಲಿಂದ ಕೊಡಲಾಗುವುದು. ಬೆಳಗ್ಗೆ ಆರಕ್ಕೆ ತೆಗೆದು ರಾತ್ರಿ ಎಂಟಕ್ಕೆ ಹಾಕುವುದು ನಮ್ಮ ಜವಾಬ್ದಾರಿ. ಕೂಲಿ ಬೇಡ.

ಐವತ್ತಮೂರು ವರ್ಷದಿಂದ ಯಜಮಾನನ ಒಪ್ಪಿಗೆ ಇಲ್ಲದೆ ನಾನು ಒಂದು ಬೀಗವನ್ನೂ ತೆಗೆದಿಲ್ಲ. ಇದನ್ನೂ ಹಾಗೆ ತೆಗೆಯುವುದಿಲ್ಲ. ಒಪ್ಪಿಗೆ ಎಂದರೆ ಏನು ಎಂದು ನಿಮ್ಮ ಕಾಗದದಲ್ಲೇ ಇದೆ: ಏಳು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಇದೆ ಎಂದು ಭಾವಿಸುವುದು. ನಿಯಮ ನಿಮ್ಮದು. ನನಗೂ ಅದೇ ಇರಲಿ. ಬೇಡ ಎನ್ನುವುದಾದರೆ ಯಾಕೆ ಬೇಡ ಎಂದು ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ. ಯಂತ್ರದ ಉತ್ತರ ಲೆಕ್ಕಕ್ಕಿಲ್ಲ.

ಸುತ್ತಿಗೆ ಬೇಡ, ಪೊಲೀಸು ಬೇಡ, ಬಂದು ನಿಂತು ನೋಡುವುದಾದರೆ ಸ್ಟೂಲು ಕೊಡುತ್ತೇನೆ.

ಮಾರ್ಚ್ 31, ಸೋಮವಾರ, ಸಂಜೆ ಐದು ಗಂಟೆಯೊಳಗೆ ಉತ್ತರ ಕೊಡಿ.